ಹಕ್ಕು ಕೇಳುವುದು ಅತಿಯಾಸೆಯೇ?

ನಮಗೆ ಸಲ್ಲಬೇಕಾದುದನ್ನು ಯಾರಾದರೂ ಕಡಿತ ಮಾಡಿ ಕೊಟ್ಟರೆ ನಾವು ಏನು ಮಾಡಬೇಕು? ಸುಮ್ಮನಿದ್ದರೆ ಅದು ಸಬ್ರ್ ಆಗುತ್ತದೆಯೇ? ಮತ್ತೆ ಮತ್ತೆ ಕೇಳಿದರೆ ಅದು ಲೌಕಿಕ ಮೋಹವೇ? ಇಂತಹ ಪ್ರಶ್ನೆಗಳಿಗೆ ಉತ್ತರ ಸುಲಭವೆಂದು ನಾನು ತಿಳಿದಿದ್ದೆ. ಮದ್ರಸಾದಲ್ಲಿ ಮಕ್ಕಳಿಗೆ ತಾಳ್ಮೆಯ ಪಾಠವನ್ನು ವರ್ಷಕ್ಕೊಮ್ಮೆಯಾದರೂ ಹೇಳುವವನು ನಾನು. ಆದರೆ ಎರಡು ಮಳೆಗಾಲಗಳ ಹಿಂದೆ ಸಿದ್ದಾಪುರದ ಕಡೆಯ ಒಂದು ಮನೆಯ ಮಾಡು ಮುರಿದಾಗ, ನಾನು ಕಲಿಸುವ ತಾಳ್ಮೆಯಲ್ಲಿ ನನ್ನದೆಷ್ಟು, ಬೇರೆಯವರ ಖರ್ಚಿನದೆಷ್ಟು ಎಂದು ಲೆಕ್ಕ ಹಾಕಬೇಕಾಯಿತು.

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ಘಟ್ಟದ ಮೇಲಿನ ತಾಲ್ಲೂಕುಗಳು. ಇಲ್ಲಿನವರಿಗೆ ಮಳೆಯ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಮೇ ತಿಂಗಳಲ್ಲಿ ಹಂಚು ಕೈಯಾಡಿಸುವುದು, ಗೋಡೆಗೆ ಸೋಗೆಯ ತಟ್ಟಿ ಕಟ್ಟುವುದು, ಸೌದೆಯನ್ನು ಒಳಗೆ ಪೇರಿಸುವುದು ಎಲ್ಲ ಜಾತಿ ಧರ್ಮದ ಮನೆಗಳಲ್ಲೂ ಒಂದೇ ಬಗೆಯ ಕೆಲಸ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯನ್ನು ಬಡಿದದ್ದು, ಅದೇ ವರ್ಷದ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದದ್ದು ಪತ್ರಿಕೆಗಳಲ್ಲಿ ಬಂತು. ಆದರೆ ಒಂದು ಮನೆಯ ಮೇಲೆ ಒಂದು ಮರದ ಕೊಂಬೆ ಬೀಳುವುದು ಸುದ್ದಿಯಾಗುವುದಿಲ್ಲ. ಅಂತಹ ಮನೆಗಳೇ ಪ್ರತಿ ವರ್ಷ ಹೆಚ್ಚು.

ನಮ್ಮ ಖಾಲಾ, ಅಂದರೆ ತಾಯಿಯ ತಂಗಿ, ವಿಧವೆ. ಮಗ ಕೊಲ್ಲಿಯಲ್ಲಿ ದುಡಿಯುತ್ತಾನೆ. ಮನೆ ದುರಸ್ತಿಗೆ ಅವರಿಬ್ಬರ ಹೆಸರಿನಲ್ಲಿ ಬ್ಯಾಂಕಿನಿಂದ ಸಾಲ ಪಡೆದಾಗ ಅದರ ಜೊತೆಗೆ ಮನೆಯ ವಿಮೆಯೂ ಬಂತು. ಕಾಗದಪತ್ರದ ಕೆಲಸಕ್ಕೆಲ್ಲ ಅವನು ನನ್ನನ್ನು ತನ್ನ ವಕೀಲನನ್ನಾಗಿ ಮಾಡಿ ಪತ್ರ ಬರೆದುಕೊಟ್ಟಿದ್ದ. ವಕೀಲ ಎಂದರೆ ಇಲ್ಲಿ ಕೋರ್ಟಿನ ವಕೀಲನಲ್ಲ, ಫಿಕ್ಹಿನ ಅರ್ಥದ ವಕೀಲ, ಪ್ರತಿನಿಧಿ. ಜುಲೈ ತಿಂಗಳ ಒಂದು ರಾತ್ರಿ ಬೀಸಿದ ಗಾಳಿಗೆ ಅಂಗಳದ ಹಲಸಿನ ಮರದ ದೊಡ್ಡ ಕೊಂಬೆ ಅಡಿಗೆ ಮನೆಯ ಮೇಲೆ ಬಿತ್ತು. ಹಂಚು, ರೀಪು, ಪಕಾಸು ಎಲ್ಲ ಒಟ್ಟಿಗೆ ಕೆಳಗೆ ಬಂದವು. ಖಾಲಾ ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಅಲ್ಲಾಹನು ಕಾಪಾಡಿದನು.

ಮರುದಿನ ನಾನು ಹೋಗಿ ಬಡಗಿಯೊಡನೆ ಕುಳಿತು ಪಟ್ಟಿ ಮಾಡಿದೆ. ಆಗ ನೆರೆಯವರೊಬ್ಬರು, ಒಳ್ಳೆಯ ಮನುಷ್ಯರೇ, ಒಂದು ಉಪದೇಶ ಮಾಡಿದರು: "ಮಾಸ್ತರರೇ, ನೀವು ನೂರು ಬರೆದರೆ ಅವರು ಐವತ್ತು ಕೊಡುತ್ತಾರೆ. ನೂರು ಬೇಕಾದರೆ ಇನ್ನೂರು ಬರೆಯಿರಿ." ಅಡಿಗೆ ಮನೆಯ ಹಿಂಗೋಡೆಯಲ್ಲಿ ಒಂದು ಬಿರುಕು ಇತ್ತು. ಅದು ಆ ಗಾಳಿಯದಲ್ಲ. ಅದಕ್ಕೂ ಹಿಂದಿನ ಮಳೆಗಾಲಗಳಲ್ಲಿ ತಳಪಾಯ ಜಗ್ಗಿ ಆದದ್ದು. ನಾನು ಅದನ್ನೂ ಪಟ್ಟಿಯಲ್ಲಿ ಸೇರಿಸಿದೆ. ಗಾಳಿಯಿಂದ ಬಿರುಕು ಬಿಟ್ಟಿತೆಂದು ಬರೆಯಲಿಲ್ಲ. "ಗೋಡೆ ದುರಸ್ತಿ" ಎಂದಷ್ಟೇ ಬರೆದು 22,000 ರೂಪಾಯಿ ಹಾಕಿದೆ. ಸುಳ್ಳು ಹೇಳಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನವೂ ಇತ್ತು. ಒಟ್ಟು ಮೊತ್ತ 1,38,000 ಆಯಿತು.

ಕಂಪೆನಿ ಕಳುಹಿಸಿದ ಸರ್ವೇಯರ್ ಬಂದರು. ಗೋಡೆಯ ಮುಂದೆ ನಿಂತು ಬಿರುಕಿನೊಳಗೆ ಬೆರಳಿಟ್ಟರು. ಅಲ್ಲಿ ಪಾಚಿ ಬೆಳೆದಿತ್ತು. ಏನೂ ಹೇಳದೆ ಮುಂದೆ ಹೋದರು. ಕೆಲವು ವಾರಗಳ ನಂತರ 52,000 ರೂಪಾಯಿ ಮಂಜೂರಾದ ಪತ್ರ ಬಂತು. ಗೋಡೆ ಬಿಟ್ಟದ್ದು ಸರಿ. ಆದರೆ ಹಂಚು ಹಳೆಯದೆಂದು ಅದರಲ್ಲೂ ಅರ್ಧ ಕಡಿತ, ಪಕಾಸುಗಳಲ್ಲಿ ಹೆಚ್ಚಿನವು ಪಟ್ಟಿಯಿಂದಲೇ ಮಾಯ, ಕೂಲಿಯೂ ನಮ್ಮ ಊರಿನ ಕೂಲಿಯಲ್ಲ. ಜೊತೆಗೆ "ಪೂರ್ಣ ಮತ್ತು ಅಂತಿಮ ಪಾವತಿಯಾಗಿ ಒಪ್ಪಿದ್ದೇನೆ" ಎಂಬ ವೋಚರು. ನಾನು ಸಹಿ ಹಾಕಿ ಕಳುಹಿಸಿದೆ. ಖಾಲಾರಿಗೆ ಹೇಳಿದೆ, "ಇಷ್ಟಾದರೂ ಬಂತಲ್ಲ, ಸಬ್ರ್ ಮಾಡೋಣ."

ಖಾಲಾ ಓದಿದವರಲ್ಲ. ಆದರೆ ಅವರು ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. "ನೀನು ಶಿರಸಿಯಲ್ಲಿ ಒಣಗಿದ ಮನೆಯಲ್ಲಿ ಮಲಗುತ್ತೀಯ. ಮಳೆ ನನ್ನ ಒಲೆಯ ಮೇಲೆ ಬೀಳುತ್ತದೆ. ಈ ಸಬ್ರ್ ಯಾರು ಮಾಡಿದ್ದು?"

ಪ್ರಿಯ ಓದುಗರೇ, ಇಲ್ಲಿ ಸ್ವಲ್ಪ ನಿಂತು ಆಲೋಚಿಸಬೇಕು. ಕ್ಷಮಿಸುವುದು, ಬಿಟ್ಟುಕೊಡುವುದು ನಮ್ಮ ಧರ್ಮದಲ್ಲಿ ಬಹಳ ದೊಡ್ಡ ಗುಣ. ಆದರೆ ಬಿಟ್ಟುಕೊಡುವವನು ಆ ಹಕ್ಕಿನ ಒಡೆಯನಾಗಿರಬೇಕು. ಬೇರೊಬ್ಬರ ಬಾಕಿಯನ್ನು ವಸೂಲು ಮಾಡಲು ನೇಮಕಗೊಂಡ ವಕೀಲನು ಒಡೆಯನ ಅನುಮತಿಯಿಲ್ಲದೆ ಆ ಬಾಕಿಯನ್ನು ಮನ್ನಾ ಮಾಡುವಂತಿಲ್ಲ ಎಂಬುದನ್ನು ಫಿಕ್ಹಿನ ಪಾಠದಲ್ಲಿ ನಾನೇ ಓದಿದ್ದೆ. ಖಾಲಾರ ಮಾಡು ನನ್ನ ಕೈಯಲ್ಲಿದ್ದ ಅಮಾನತ್. ಅದರಲ್ಲಿ ಉದಾರನಾಗಲು ನನಗೆ ಅಧಿಕಾರವಿರಲಿಲ್ಲ. ಇನ್ನು ನನ್ನ ಸುಮ್ಮನಿರುವಿಕೆಯಲ್ಲಿ ಉದಾರತೆ ಎಷ್ಟಿತ್ತು? ಕಚೇರಿಗೆ ಅಲೆಯುವ ಬೇಸರ, ಇಂಗ್ಲಿಷಿನಲ್ಲಿ ಪತ್ರ ಬರೆಯುವ ಅಂಜಿಕೆ, "ಮೌಲವಿಗೂ ದುಡ್ಡಿನ ಚಿಂತೆ" ಎಂದು ಯಾರಾದರೂ ಆಡಿಕೊಂಡಾರೆಂಬ ಲಜ್ಜೆ ಇವೆಲ್ಲ ಇದ್ದವು. ಅವುಗಳ ಕೆಳಗೆ ಇನ್ನೊಂದು ಇತ್ತು, ಪಾಚಿ ಬೆಳೆದ ಆ ಬಿರುಕು. ಕೇಳಲು ಹೋದರೆ ಅದರ ಮಾತೂ ಬರುತ್ತದೆಂದು ಒಳಗೆ ಭಯ.

ಪ್ರವಾದಿವರ್ಯರ(ಸ) ಜೀವನದ ಒಂದು ಘಟನೆ ಹದೀಸ್ ಗ್ರಂಥಗಳಲ್ಲಿದೆ. ಅವರು ಒಬ್ಬನಿಗೆ ಒಂದು ಒಂಟೆಯನ್ನು ಕೊಡಬೇಕಿತ್ತು. ಅವನು ಬಂದು ಒರಟಾಗಿ ಕೇಳಿದ. ಅನುಚರರು ಅವನ ಮೇಲೆ ಎರಗಲು ಎದ್ದರು. ಪ್ರವಾದಿ(ಸ) ಅವರನ್ನು ತಡೆದು, ಹಕ್ಕುಳ್ಳವನಿಗೆ ಮಾತನಾಡುವ ಅಧಿಕಾರವಿದೆ ಎಂಬ ಅರ್ಥದ ಮಾತು ಹೇಳಿದರು. ಅವನಿಗೆ ಸಲ್ಲಬೇಕಾದ ವಯಸ್ಸಿನ ಒಂಟೆ ಸಿಗದಾಗ ಅದಕ್ಕಿಂತ ಉತ್ತಮವಾದುದನ್ನು ಕೊಡಿಸಿದರು. ಕೇಳಿದವನು ಸೌಜನ್ಯದಿಂದ ಕೇಳಿರಲಿಲ್ಲ. ಆದರೂ ಕೇಳಿದ್ದೇ ತಪ್ಪೆಂದು ಅವನಿಗೆ ಯಾರೂ ಹೇಳಲಿಲ್ಲ. ಹಾಗಿರುವಾಗ ಪ್ರೀಮಿಯಂ ಕಟ್ಟಿದ ವಿಧವೆಯೊಬ್ಬಳು ನಯವಾಗಿ, ಬರಹದಲ್ಲಿ, ಲೆಕ್ಕ ಕೊಟ್ಟು ಕೇಳುವುದು ಹೇಗೆ ಅತಿಯಾಸೆಯಾದೀತು?

ಇಲ್ಲಿ ಕೆಲವರು ಕೇಳಬಹುದು: ವಿಮೆಯೇ ಸಂಶಯಾಸ್ಪದ, ಅದರ ಹಣಕ್ಕೆ ಹೋರಾಟವೇಕೆ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 1985ರಲ್ಲಿ ಜಿದ್ದಾದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು ವಾಣಿಜ್ಯ ವಿಮೆಯನ್ನು ಒಪ್ಪದೆ ಪರಸ್ಪರ ಸಹಾಯದ ವಿಮೆಯನ್ನು ಒಪ್ಪಿತು. ನಿರ್ಬಂಧದ ಸಂದರ್ಭದಲ್ಲಿ ರಿಯಾಯಿತಿ ನೀಡಿದ ವಿದ್ವಾಂಸರಿದ್ದಾರೆ. ಕಟ್ಟಿದ ಹಣಕ್ಕಿಂತ ಹೆಚ್ಚು ಬಂದುದನ್ನು ಸ್ವಂತಕ್ಕೆ ಬಳಸಬಾರದೆನ್ನುವವರೂ ಇದ್ದಾರೆ. ಸಾಲ, ಬಡ್ಡಿ, ವಿಮೆ ಇವುಗಳ ವಿಷಯದಲ್ಲಿ ಪ್ರತಿಯೊಬ್ಬನೂ ತಾನು ನಂಬುವ ವಿದ್ವಾಂಸರನ್ನು ಪಾಲಿಸಿಗೆ ಸಹಿ ಹಾಕುವ ಮೊದಲೇ ಕೇಳಿಕೊಳ್ಳುವುದು ಒಳಿತು. ಆದರೆ ಈ ಸಂಶಯ ನಮಗೆ ನೆನಪಾಗುವುದು ಅರ್ಜಿ ಬರೆಯಬೇಕಾದಾಗ ಮಾತ್ರ ಎಂಬುದು ವಿಚಿತ್ರ. ಕರಾರು ಪೂರೈಸಬೇಕೆಂಬ ಆಜ್ಞೆ ಕುರ್‌ಆನಿನ ಐದನೆಯ ಅಧ್ಯಾಯದ ಮೊದಲ ವಾಕ್ಯದಲ್ಲೇ ಇದೆ. ಹಣ ಪಡೆದವನು ಮಾತಿನಂತೆ ಕೊಡಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಆ ಮಾತು ಏನಿತ್ತು? ನಾನು ಪಾಲಿಸಿಯನ್ನು ಮೊದಲ ಸಲ ಪೂರ್ತಿ ಓದಿದ್ದು ಖಾಲಾ ಕೇಳಿದ ನಂತರ. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪೆನಿಗಳು ಮನೆಗಳಿಗೆ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ನಮೂನೆಯ ಪಾಲಿಸಿ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಗೊತ್ತುಮಾಡಿದೆ. ಬಿರುಗಾಳಿ, ಪ್ರವಾಹ, ಮರ ಬೀಳುವುದು ಅದರಲ್ಲಿ ಸೇರಿವೆ. ಹಿಂದೆ ಮನೆಯ ಬೆಲೆಗಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ ಪರಿಹಾರವನ್ನೂ ಅದೇ ಪ್ರಮಾಣದಲ್ಲಿ ಇಳಿಸುವ ಪದ್ಧತಿಯಿತ್ತು. ಈ ಪಾಲಿಸಿಯಲ್ಲಿ ಅದನ್ನು ಕೈಬಿಡಲಾಗಿದೆ. ಕಟ್ಟಡಕ್ಕೆ ಕೊಡಬೇಕಾದುದು ದುರಸ್ತಿಯ ಖರ್ಚನ್ನು, ಹಳೆಯ ಸಾಮಾನಿನ ಗುಜರಿ ಬೆಲೆಯನ್ನಲ್ಲ. ಹಂಚಿನ ವಿಷಯದಲ್ಲಂತೂ ಈ ಸವಕಳಿಯ ಲೆಕ್ಕ ನನಗೆ ನಗು ತರಿಸಿತು. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ನಮ್ಮ ಕಡೆ ಅಜ್ಜನ ಕಾಲದ ಮಂಗಳೂರು ಹಂಚು ಇಂದಿಗೂ ಸೋರದೆ ನಿಂತಿರುವ ಮನೆಗಳಿವೆ. ಐವತ್ತು ವರ್ಷದ ಹಂಚು ಅರ್ಧ ಮಳೆಯನ್ನು ಮಾತ್ರ ತಡೆಯುತ್ತದೆಯೇ?

ಸರ್ವೇಯರ್ ಬರೆದದ್ದೇ ಅಂತಿಮವೆಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಹಾಗಿಲ್ಲ. ಅದು ಮುಖ್ಯ ಆಧಾರ ಹೌದು, ಆದರೆ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿದೆ. ವರದಿಯ ಪ್ರತಿಯನ್ನು ಕೇಳಿ ಪಡೆಯಬಹುದು. ವೋಚರಿಗೆ ಸಹಿ ಹಾಕಿದ್ದರಿಂದಲೇ ಎಲ್ಲ ಬಾಗಿಲೂ ಮುಚ್ಚುವುದಿಲ್ಲವೆಂದು 2015ರಲ್ಲಿ ನಿಯಂತ್ರಣ ಪ್ರಾಧಿಕಾರವೇ ಕಂಪೆನಿಗಳಿಗೆ ತಿಳಿಸಿತ್ತು. ಮೊದಲು ಕಂಪೆನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನಕರವಾಗಿರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲಿದೆ. ಶಿರಸಿಯಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ, ಆದರೆ ಈಗ ಅಂತರ್ಜಾಲದ ಮೂಲಕವೂ ಅಲ್ಲಿ ದೂರು ದಾಖಲಿಸಬಹುದು.

ಇಷ್ಟೆಲ್ಲ ತಿಳಿದುಕೊಂಡು ದೂರು ಬರೆಯಲು ಕುಳಿತೆ. ಮೊದಲ ಸಾಲಿಗೇ ಪೆನ್ನು ನಿಂತಿತು. ಕುರ್‌ಆನಿನ 83ನೆಯ ಅಧ್ಯಾಯ ಅಲ್ ಮುತಫ್ಫಿಫೀನ್ ನೆನಪಾಯಿತು. ಜನರಿಂದ ಪಡೆಯುವಾಗ ತುಂಬಾ ಅಳೆದುಕೊಂಡು, ಕೊಡುವಾಗ ಕಡಿಮೆ ಅಳೆಯುವವರಿಗೆ ಅಲ್ಲಿ ಎಚ್ಚರಿಕೆಯಿದೆ. ಕಂಪೆನಿಯ ವಿಷಯದಲ್ಲಿ ಈ ಅಧ್ಯಾಯ ಎಷ್ಟು ಸರಿಯಾಗಿ ಹೊಂದುತ್ತದೆ ಎಂದು ಮೊದಲು ಖುಷಿಪಟ್ಟವನು ನಾನು. ಪ್ರೀಮಿಯಂ ಪೂರ್ತಿ, ಪರಿಹಾರ ಅರ್ಧ! ಆದರೆ ಪಡೆಯುವಾಗ ತುಂಬಾ ಅಳೆದುಕೊಂಡದ್ದು ಯಾರು? ಬಿರುಕನ್ನು ಸೇರಿಸಿ ಅಳೆದವನು ಯಾರು?

ಇನ್ನೊಂದು ಹದೀಸ್ ಇದಕ್ಕಿಂತಲೂ ಕಠಿಣ. ತಾನೂ ಒಬ್ಬ ಮನುಷ್ಯ, ವಾದದಲ್ಲಿ ಚತುರನಾದವನ ಮಾತು ಕೇಳಿ ಇನ್ನೊಬ್ಬನ ಹಕ್ಕನ್ನು ಅವನಿಗೆ ಕೊಟ್ಟುಬಿಟ್ಟರೆ ಅವನಿಗೆ ಸಿಕ್ಕಿದ್ದು ನರಕದ ತುಂಡು ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದನ್ನು ಹಝ್ರತ್ ಉಮ್ಮು ಸಲಮಾ(ರ) ವರದಿ ಮಾಡಿದ್ದಾರೆ. ಒಂಬುಡ್ಸ್‌ಮನ್ ಆಗಲಿ, ಆಯೋಗವಾಗಲಿ ನನ್ನ ಪರವಾಗಿ ತೀರ್ಪು ಕೊಟ್ಟರೂ ಆ ಬಿರುಕಿನ ಹಣ ನನ್ನದಾಗುವುದಿಲ್ಲ.

ಅವರು ಕಡಿತ ಮಾಡಿಯೇ ಮಾಡುತ್ತಾರೆ, ಆದ್ದರಿಂದ ಹೆಚ್ಚು ಬರೆಯುತ್ತೇವೆ ಎಂಬುದು ನಮ್ಮ ವಾದ. ಇವರು ಹೆಚ್ಚು ಬರೆದೇ ಬರೆಯುತ್ತಾರೆ, ಆದ್ದರಿಂದ ಕಡಿತ ಮಾಡುತ್ತೇವೆ ಎಂಬುದು ಅವರ ವಾದ. ಎರಡೂ ಒಂದನ್ನೊಂದು ಸಾಕುತ್ತವೆ. ಇದರ ನಡುವೆ ಸಾಯುವವನು ಇದ್ದುದನ್ನು ಇದ್ದಂತೆ ಬರೆದವನು. ಅವನ ನೂರಕ್ಕೂ ಐವತ್ತೇ ಸಿಗುತ್ತದೆ. ನಾನು ಸೇರಿಸಿದ 22,000 ರೂಪಾಯಿ ಕಂಪೆನಿಗೆ ನಷ್ಟ ಮಾಡಲಿಲ್ಲ, ಅವರು ಕೊಡಲೇ ಇಲ್ಲವಲ್ಲ. ಆದರೆ ಮುಂದಿನ ಊರಿನಲ್ಲಿ ಆ ಸರ್ವೇಯರ್ ನೋಡುವ ಪ್ರತಿಯೊಂದು ನಿಜವಾದ ಪಟ್ಟಿಯನ್ನೂ ಅದು ಸಂಶಯಕ್ಕೆ ಗುರಿ ಮಾಡಿತು.

ಅಳತೆಯ ಮೇಲೆ ನಂಬಿಕೆ ಹೋದರೆ ಏನಾಗುತ್ತದೆಂದು ನಮ್ಮ ತೋಟಿಗರಿಗೆ ಗೊತ್ತು. 2016ರಿಂದ ಪುನಾರಚಿತವಾಗಿರುವ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ, ಕಾಳುಮೆಣಸಿನ ಪರಿಹಾರ ನಿಂತಿರುವುದು ಪಂಚಾಯಿತಿಯ ಮಳೆಮಾಪಕದ ಅಂಕಿಯ ಮೇಲೆ. ಮಾಪಕ ಕೆಟ್ಟಿತ್ತು, ಅಂಕಿ ತಪ್ಪು ಎಂದು ಇತ್ತೀಚಿನ ವರ್ಷಗಳಲ್ಲಿ ಈ ಮೂರೂ ತಾಲ್ಲೂಕುಗಳ ಬೆಳೆಗಾರರು ದೂರಿಟ್ಟಿದ್ದಾರೆ. ಅವರು ಕೇಳುತ್ತಿರುವುದೂ ಸರಿಯಾದ ಅಳತೆಯನ್ನೇ.

ಆದ್ದರಿಂದ ನನ್ನ ದೂರಿನ ಮೊದಲ ಪರಿಚ್ಛೇದದಲ್ಲಿ ಗೋಡೆಯ 22,000 ರೂಪಾಯಿಯನ್ನು ಹಿಂತೆಗೆದುಕೊಂಡಿದ್ದೇನೆ, ಆ ಬಿರುಕು ಹಳೆಯದು, ಅದನ್ನು ಸೇರಿಸಿದ್ದು ನನ್ನ ತಪ್ಪು ಎಂದು ಬರೆದೆ. ಎರಡನೆಯದರಲ್ಲಿ, ನಾನು ಪ್ರತಿನಿಧಿ ಮಾತ್ರ, ಮನೆಯ ಒಡೆಯರು ಈ ಮೊತ್ತವನ್ನು ಒಪ್ಪಿಲ್ಲ ಎಂದೆ. ಆಮೇಲೆ ಉಳಿದ 1,16,000 ರೂಪಾಯಿಯ ಲೆಕ್ಕ, ಬಡಗಿಯ ಬರಹ, ಹಂಚಿನ ಅಂಗಡಿಯ ಬಿಲ್ಲು, ಮರುದಿನವೇ ತೆಗೆದ ಫೋಟೋಗಳು, ಪಾಲಿಸಿಯ ಯಾವ ಷರತ್ತಿನಂತೆ ಯಾವುದು ಸಲ್ಲಬೇಕೆಂಬ ಪಟ್ಟಿ. ಖಾಲಾರ ಮಗ ಕೊಲ್ಲಿಯಿಂದ ಫೋನಿನಲ್ಲಿ ಬೈದ: "ತಪ್ಪೊಪ್ಪಿಕೊಂಡು ಯಾರಾದರೂ ದೂರು ಕೊಡುತ್ತಾರೆಯೇ? ಇನ್ನು ಅವರು ಒಂದು ಪೈಸೆಯೂ ಕೊಡುವುದಿಲ್ಲ." ಅವನ ಭಯ ನನಗೂ ಇತ್ತು.

ಸುಮಾರು ಇಪ್ಪತ್ತು ದಿನಗಳ ನಂತರ ಅದೇ ಸರ್ವೇಯರ್ ಮತ್ತೆ ಬಂದರು. ಈ ಸಲ ಕುಳಿತು ಚಹಾ ಕುಡಿದರು, ಮುರಿದ ಪಕಾಸುಗಳನ್ನು ಒಂದೊಂದಾಗಿ ಹೊರಗೆ ತರಿಸಿ ಎಣಿಸಿದರು. ಹನ್ನೊಂದಿದ್ದವು. ಸತ್ಯಕ್ಕೆ ಸಿಕ್ಕಿದ ಪ್ರತಿಫಲವೆಂದು ನಾನು ಇದನ್ನು ಬರೆಯುತ್ತಿಲ್ಲ. ಬೇರೆ ಕಡೆ ಹೀಗೆ ಆಗದೆಯೂ ಇರಬಹುದು, ಒಂಬುಡ್ಸ್‌ಮನ್‌ರವರೆಗೂ ಹೋಗಬೇಕಾಗಬಹುದು, ಹೋಗಲೂಬೇಕು. ನಮಗೆ ಮುಂದಿನ ತಿಂಗಳು ಇನ್ನೂ 52,500 ರೂಪಾಯಿ ಬಂತು. ಉಳಿದ 11,500 ರೂಪಾಯಿ ಕೊಡಲಿಲ್ಲ. ನಾಲ್ಕು ಪಕಾಸುಗಳು ಮೊದಲೇ ಗೆದ್ದಲು ತಿಂದು ಹೋಗಿದ್ದವು ಎಂಬುದು ಕಾರಣ.

"ಅದನ್ನೂ ಬಿಡಬೇಡ, ಬೆಂಗಳೂರಿಗೆ ಬರೆ" ಎಂದು ಮಗನ ಫೋನು ಬಂತು. ನನಗೂ ಹುರುಪು ಏರಿತ್ತು, ಒಂಬುಡ್ಸ್‌ಮನ್‌ರ ವಿಳಾಸವನ್ನೂ ಬರೆದಿಟ್ಟುಕೊಂಡಿದ್ದೆ. ಖಾಲಾ ನನ್ನನ್ನು ಕರೆದುಕೊಂಡು ಹಿತ್ತಲಿನ ಸೌದೆ ಕೊಟ್ಟಿಗೆಗೆ ಹೋದರು. ಆ ನಾಲ್ಕು ಪಕಾಸುಗಳನ್ನು ಅವರು ಬೇರೆಯೇ ತೆಗೆದಿಟ್ಟಿದ್ದರು. ಒಂದನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಅದರ ತುದಿ ನನ್ನ ಬೆರಳುಗಳ ನಡುವೆ ಪುಡಿಯಾಯಿತು.

"ಇದು ಗಾಳಿಯ ಕೆಲಸವೇನೋ?" ಎಂದು ಕೇಳಿ, ಉಳಿದದ್ದನ್ನು ಒಲೆಗೆ ಒಯ್ಯಲು ಎತ್ತಿಕೊಂಡರು.