ಬಿಡುಗಡೆಯ ಋಣ

ಋಣವೆಂಬ ಶಬ್ದಕ್ಕೆ ಹಣದ ಸಾಲವೆಂದಷ್ಟೇ ಅರ್ಥವಲ್ಲ. ದೇವಋಣ, ಋಷಿಋಣ, ಪಿತೃಋಣಗಳೆಂದು ಹಿರಿಯರು ಎಣಿಸಿದ ಮೂರರ ಜೊತೆಗೆ ಅನ್ನದ ಋಣ, ನೀರಿನ ಋಣ, ಮಣ್ಣಿನ ಋಣಗಳೆಂದು ಜನರಾಡುವ ಮಾತುಗಳೂ ಉಂಟು. ಪ್ರಾಣ ಉಳಿಸಿದವನ ಋಣವಂತೂ ಏಳೇಳು ಜನ್ಮಕ್ಕೂ ತೀರದೆಂಬುದು ವಾಡಿಕೆ. ಉಪಕಾರವನ್ನು ಪಡೆದವನು ಹೀಗೆಂದರೆ ಅದು ವಿನಯ. ಉಪಕಾರ ಮಾಡಿದವನೇ ಹೀಗೆಂದು ಮನೆಯಂಗಳವನ್ನೂ ಮನೆಯ ಮಕ್ಕಳನ್ನೂ ಅಪೇಕ್ಷಿಸಿದರೆ ಅದಕ್ಕೇನು ಹೆಸರು? ಶಾಂತಸಾಗರದ ಪಶ್ಚಿಮಭಾಗದ ಗುವಾಮ್ ಎಂಬ ಸಣ್ಣ ದ್ವೀಪದಲ್ಲಿ ಈ ಪ್ರಶ್ನೆಯು ಮೂರು ತಲೆಮಾರುಗಳಿಂದ ಉತ್ತರಕ್ಕಾಗಿ ಕಾದುನಿಂತಿದೆ.

ಈ ದ್ವೀಪದ ವಿಸ್ತಾರವು ಸುಮಾರು 540 ಚದರ ಕಿಲೋಮೀಟರು. ಇಲ್ಲಿನ ಮೂಲನಿವಾಸಿಗಳು ಚಮೋರೊ ಜನರು. 1898ರಲ್ಲಿ ದ್ವೀಪವು ಸ್ಪೇನಿನ ಕೈಯಿಂದ ಅಮೇರಿಕದ ಕೈಗೆ ಬಂದಿತು; ಅಂದಿನಿಂದ 1950ರವರೆಗೆ, ನಡುವಣ ಜಪಾನೀಯರ ಕಾಲವೊಂದನ್ನು ಬಿಟ್ಟರೆ, ಅಲ್ಲಿ ನಡೆದುದು ನೌಕಾಬಲದ ಆಳ್ವಿಕೆ. 1941ರ ಡಿಸೆಂಬರಿನಲ್ಲಿ ಜಪಾನೀಯರು ದ್ವೀಪವನ್ನು ಹಿಡಿದುಕೊಂಡರು. ಬಿಟ್ಟಿಕೆಲಸ, ಹಸಿವು, ಶಿರಚ್ಛೇದ, ಕೊನೆಗೆ ಕಾಡಿನ ಶಿಬಿರಗಳತ್ತ ಅಟ್ಟಿದ ನಡಿಗೆ, ಇವೆಲ್ಲವನ್ನೂ ಚಮೋರೊ ಜನರು ಅನುಭವಿಸಿದರು. 1944ರ ಜುಲೈ 21ರಂದು ಅಮೇರಿಕದ ಸೈನಿಕರು ತೀರಕ್ಕಿಳಿದು, ತಮ್ಮಲ್ಲಿ ಸಾವಿರಕ್ಕೂ ಮಿಕ್ಕು ಮಂದಿಯನ್ನು ಕಳೆದುಕೊಂಡು ದ್ವೀಪವನ್ನು ಬಿಡಿಸಿದರು. ಆ ದಿನವು ಇಂದಿಗೂ ಅಲ್ಲಿನ ದೊಡ್ಡ ಹಬ್ಬ. ಉಪಕಾರವು ಸುಳ್ಳೆಂದು ಯಾರೂ ಹೇಳಲಾರರು.

ಆದರೆ ಲೆಕ್ಕದ ಇನ್ನೊಂದು ಮಗ್ಗುಲೂ ಇದೆ. ಜಾರ್ಜ್ ಟ್ವೀಡ್ ಎಂಬ ಅಮೇರಿಕದ ನಾವಿಕನೊಬ್ಬನು ಜಪಾನೀಯರ ಕೈಗೆ ಸಿಕ್ಕದೆ ಎರಡೂವರೆ ವರ್ಷ ಅಡಗಿದ್ದನು. ಅವನಿಗೆ ಅನ್ನವಿಕ್ಕಿದವರು, ಗುಹೆ ತೋರಿದವರು, ಅವನ ಸುಳಿವನ್ನು ಹೇಳದೆ ಪೆಟ್ಟು ತಿಂದವರು ಚಮೋರೊ ಗೃಹಸ್ಥರೇ. ಹೆಸುಸ್ ದುಯೇನ್ಯಾಸ್ ಎಂಬ ತರುಣ ಪಾದ್ರಿಯು ಈ ಗುಟ್ಟನ್ನು ಬಿಡಲಿಲ್ಲವೆಂದು 1944ರ ಜುಲೈ 12ರಂದು ತಲೆಯನ್ನು ಕಳೆದುಕೊಂಡನು. ಟ್ವೀಡನು ಅದಕ್ಕೆ ಎರಡು ದಿನ ಮೊದಲೇ ಅಮೇರಿಕದ ಹಡಗನ್ನು ಸೇರಿಯಾಗಿತ್ತು! ಒಬ್ಬ ನಾವಿಕನಿಗಾಗಿ ಊರೇ ತೆತ್ತ ಈ ಬೆಲೆಯನ್ನು ಯಾವ ಕಡತದಲ್ಲಿ ಬರೆದಿಟ್ಟರೋ ತಿಳಿಯದು. ಯುದ್ಧಕಾಲದ ಕಷ್ಟಕ್ಕೆ ಪರಿಹಾರವನ್ನೀಯುವ ಶಾಸನವು ಅಮೇರಿಕದಲ್ಲಿ ಪೂರ್ಣವಾಗಿ ಅಂಗೀಕೃತವಾದುದು 2016ರಲ್ಲಿ. ಹಣ ಕೈಸೇರತೊಡಗಿದುದು 2020ರಲ್ಲಿ. ಕಷ್ಟಪಟ್ಟವರಲ್ಲಿ ಬಹುಮಂದಿ ಆ ವೇಳೆಗೆ ಮಣ್ಣಾಗಿದ್ದರು. ಆ ಶಾಸನದ ಹೆಸರಿನಲ್ಲಿರುವುದು ‘ನಿಷ್ಠೆಯ ಮನ್ನಣೆ’ ಎಂಬ ಮಾತು.

ಚಮೋರೊ ಜನರಲ್ಲಿ ‘ಚೆಂಚೂಲೆ’ ಎಂಬ ಪದ್ಧತಿಯಿದೆ. ಮದುವೆಯಲ್ಲಾಗಲಿ ಸಾವಿನಲ್ಲಾಗಲಿ ಒಂದು ಮನೆಯವರು ಕೊಟ್ಟುದನ್ನು ಇನ್ನೊಂದು ಮನೆಯವರು ನೆನಪಿಟ್ಟು, ಕಾಲ ಬಂದಾಗ ಹಿಂದಿರುಗಿಸುವರು. ಕನ್ನಡನಾಡಿನ ಮುಯ್ಯಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಯ್ಯಿಗೆ ಒಂದು ಮರ್ಯಾದೆಯುಂಟು. ಕೊಟ್ಟವನು ಬಾಯಿಬಿಟ್ಟು ಕೇಳುವುದಿಲ್ಲ. ಒಂದು ಸೀರೆಯನ್ನು ಉಡುಗೊರೆಯಿತ್ತವನು ಮರುವರ್ಷ ಬಂದು ಹೊಲವನ್ನು ಅಳೆಯುವುದಿಲ್ಲ. ಗುವಾಮಿನಲ್ಲಿ ನಡೆದುದು ಹೊಲವನ್ನು ಅಳೆಯುವ ಕೆಲಸವೇ. ಬಿಡುಗಡೆಯ ಹಿಂದೆಯೇ ವಿಮಾನದ ಹಾದಿಗಳೂ ಬಂದರುಗಳೂ ಉಗ್ರಾಣಗಳೂ ಎದ್ದವು. ಯುದ್ಧವು ಮುಗಿದರೂ ಬೇಲಿಗಳು ಉಳಿದವು. ಇಂದಿಗೂ ದ್ವೀಪದ ನಾಲ್ಕನೆಯ ಒಂದು ಪಾಲಿಗೂ ಹೆಚ್ಚು ನೆಲವು ಸೈನ್ಯದ ವಶದಲ್ಲಿದೆ. ಕಾಡೂ ಪಾರಾಗಲಿಲ್ಲ. ಯುದ್ಧದ ತರುವಾಯ ಸೈನ್ಯದ ಸರಕಿನೊಡನೆ ಅಡಗಿ ಬಂದಿತೆಂದು ವಿದ್ವಾಂಸರು ಊಹಿಸುವ ಕಂದುಬಣ್ಣದ ಮರಹಾವೊಂದು ಕೆಲವು ದಶಕಗಳಲ್ಲಿ ಅಲ್ಲಿನ ಕಾಡುಹಕ್ಕಿಗಳ ಕುಲಗಳನ್ನು ಬಹುಮಟ್ಟಿಗೆ ನುಂಗಿಬಿಟ್ಟಿತು. ಹಕ್ಕಿಯ ಉಲಿಯಿಲ್ಲದ ಆ ಕಾಡಿನಲ್ಲಿ ಜೇಡನ ಬಲೆಗಳು ಹೆಚ್ಚಿದುವಂತೆ.

ಇನ್ನು ತರುಣರ ಸಂಗತಿ. ದ್ವೀಪದ ಜನರಿಗೆ 1950ರಲ್ಲಿ ಅಮೇರಿಕದ ಪೌರತ್ವವು ಬಂದಿತಾದರೂ ಅಲ್ಲಿ ವಾಸಿಸುವವರು ರಾಷ್ಟ್ರಾಧ್ಯಕ್ಷನ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ಕಾಂಗ್ರೆಸ್ಸಿಗೆ ಅವರು ಕಳುಹಿಸುವ ಪ್ರತಿನಿಧಿಗೂ ಶಾಸನಗಳ ಅಂತಿಮ ನಿರ್ಣಯದಲ್ಲಿ ಮತವಿಲ್ಲ. ಯುದ್ಧಕ್ಕೆ ಕಳುಹಿಸುವವನನ್ನು ಆರಿಸುವ ಹಕ್ಕಿಲ್ಲದವರು ಯುದ್ಧಕ್ಕೆ ಹೋಗುವುದರಲ್ಲಿ ಮಾತ್ರ ಮುಂದಿನ ಸಾಲಿನವರು. ವಿಯೆಟ್ನಾಮಿನಲ್ಲಿ ಮಡಿದವರನ್ನು ಜನಸಂಖ್ಯೆಯೊಡನೆ ತೂಗಿದರೆ ಈ ಪುಟ್ಟ ದ್ವೀಪದ ಪಾಲು ಅತ್ಯಧಿಕವಾದವುಗಳಲ್ಲೊಂದು. ಪ್ರೌಢಶಾಲೆಗಳಲ್ಲಿಯೇ ಕವಾಯತಿನ ತರಗತಿಗಳಿವೆ. ‘ಯಾರೂ ಅವರನ್ನು ಕಟ್ಟಿ ಎಳೆಯುವುದಿಲ್ಲ, ಒಪ್ಪಿಯೇ ಸೇರುತ್ತಾರೆ’ ಎಂದು ಕೆಲವರು ಹೇಳುವರು. ಇದು ತಳ್ಳಿಹಾಕತಕ್ಕ ಮಾತಲ್ಲ. ಸಂಬಳ, ವಿದ್ಯೆ, ಲೋಕದರ್ಶನ, ಅಜ್ಜನನ್ನು ಬಿಡಿಸಿದವರ ಉಡುಪನ್ನು ತಾನೂ ಧರಿಸುವ ಹೆಮ್ಮೆ, ಇವು ಹುಸಿಯಲ್ಲ. ಆ ತರುಣನನ್ನು ಮೋಸಹೋದವನೆಂದು ಕರೆಯುವುದು ಅವನಿಗೆ ಇನ್ನೊಂದು ಅವಮಾನ. ಆದರೆ ಗದ್ದೆಯು ಬೇಲಿಯೊಳಗೆ ಸೇರಿದ ಮೇಲೆ ಬೇಲಿಯನ್ನು ಕಾಯುವ ಉದ್ಯೋಗವನ್ನು ಒಪ್ಪಿಕೊಂಡವನ ಒಪ್ಪಿಗೆಯೂ, ಗದ್ದೆಯಿದ್ದಾಗ ಅವನು ಕೊಡಬಹುದಾಗಿದ್ದ ಒಪ್ಪಿಗೆಯೂ ಒಂದೇ ತೂಕದವೆ? ನೀತಿಯನ್ನು ವಿಚಾರಿಸುವವರು ಎಡವಬೇಕಾದುದು ಇಲ್ಲಿ.

ಇದಕ್ಕೆ ಎರಡು ಜೀವಗಳ ಕಥೆಗಳು ಸಾಕ್ಷಿಯಾಗಿವೆ. ಬಿಸೆಂತೆ ಬ್ಲಾಸ್ ಎಂಬಾತನು ಹುಡುಗನಾಗಿದ್ದಾಗ ಜಪಾನೀಯರ ಬಿಟ್ಟಿಕೆಲಸವನ್ನು ಮಾಡಿ, ಮುಂದೆ ಅಮೇರಿಕದ ಮೆರೀನ್ ಪಡೆಯಲ್ಲಿ ಜನರಲ್ ಪದವಿಗೇರಿ, ಅನಂತರ ಕಾಂಗ್ರೆಸ್ಸಿನಲ್ಲಿ ಆ ಮತವಿಲ್ಲದ ಪೀಠದಲ್ಲಿ ಕುಳಿತನು. ಓಕಿನಾವಾದಿಂದ ತರುವ ಮೆರೀನರಿಗಾಗಿ 2020ರಲ್ಲಿ ತೆರೆದ ಹೊಸ ಶಿಬಿರಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ. ಏಂಜೆಲ್ ಸಾಂತೋಸನೂ ಅಮೇರಿಕದ ವಿಮಾನದಳದಲ್ಲಿ ದುಡಿದವನೇ. ಊರಿಗೆ ಮರಳಿ, ನೆಲವನ್ನು ಕೇಳುವ ಜನರ ಮುಂದಾಳಾಗಿ, ಬೇಲಿಯೊಳಗಿನ ನೆಲದಲ್ಲಿ ಕಾಲಿಟ್ಟುದಕ್ಕಾಗಿ 2000ದಲ್ಲಿ ಆರು ತಿಂಗಳು ಸೆರೆಮನೆಯಲ್ಲಿದ್ದು, 2003ರಲ್ಲಿ ತೀರಿಕೊಂಡನು. ರಾಜಧಾನಿಯ ಒಂದು ಉದ್ಯಾನಕ್ಕೆ ಅವನ ಹೆಸರಿದೆ. ಒಬ್ಬನು ನಿಷ್ಠನು, ಮತ್ತೊಬ್ಬನು ಕೃತಘ್ನನು ಎಂದು ಹೇಳುವುದು ಸುಲಭ. ಚಮೋರೊ ಜನರು ಇಬ್ಬರನ್ನೂ ತಮ್ಮವರೆಂದು ನೆನೆಯುತ್ತಾರೆ.

ತರುವಾಯದ ತಲೆಮಾರಿನವರೂ ಸುಮ್ಮನಿಲ್ಲ. ಪೂರ್ವಿಕರ ಕಲ್ಲುಕಂಬಗಳಿರುವ ಪಾಗತ್ ಎಂಬ ಹಳೆಯ ಊರಿನ ಬಳಿ ಗುಂಡಿನ ಅಭ್ಯಾಸಭೂಮಿಯನ್ನು ಮಾಡಹೊರಟಾಗ, ಬಹುಮಟ್ಟಿಗೆ ತರುಣರೇ ಕೂಡಿದ ಒಂದು ಸಂಘವು ಇತರರೊಡನೆ 2010ರಲ್ಲಿ ನ್ಯಾಯಾಲಯವನ್ನೇರಿತು. ಅಧಿಕಾರಿಗಳು ಪಾಗತ್ತನ್ನು ಬಿಟ್ಟರು. ಅಭ್ಯಾಸಭೂಮಿಯು ಉತ್ತರತುದಿಯ ರಿತಿದಿಯನ್ನಿನ ಮೇಲ್ಗಡೆಗೆ ಸರಿಯಿತು. ಚಮೋರೊ ಭಾಷೆಯಲ್ಲಿ ಲಿತೇಕ್ಯನ್ ಎಂದು ಕರೆಯುವ ಆ ತೀರದಲ್ಲಿಯೂ ಪೂರ್ವಿಕರ ನೆಲೆಗಳಿವೆ.

ಸುಮಾಯ್ ಎಂಬುದು ಯುದ್ಧಕ್ಕೆ ಮುಂಚೆ ದ್ವೀಪದ ಸಮೃದ್ಧ ಊರುಗಳಲ್ಲೊಂದು. 1935ರಲ್ಲಿ ಸಾಗರವನ್ನು ದಾಟುವ ವಿಮಾನಗಳು ಅಲ್ಲಿ ಇಳಿಯತೊಡಗಿದುವು. ಬಿಡುಗಡೆಯಾದ ಮೇಲೆ ಊರವರನ್ನು ಹಿಂದಿರುಗಗೊಡಲಿಲ್ಲ. ಅವರು ಗುಡ್ಡದ ಮೇಲಣ ಸಾಂತಾ ರೀತಾದಲ್ಲಿ ನೆಲಸಿದರು. ಹಳೆಯ ಊರಿನಲ್ಲಿ ಉಳಿದಿರುವ ಶ್ಮಶಾನವು ಈಗ ನೌಕಾನೆಲೆಯ ಒಳಗಿದೆ. ಗೊತ್ತುಪಡಿಸಿದ ದಿನಗಳಲ್ಲಿ ಮಕ್ಕಳೂ ಮೊಮ್ಮಕ್ಕಳೂ ಹೂಗಳನ್ನು ಹಿಡಿದು ಬರುತ್ತಾರೆ. ಬಾಗಿಲಲ್ಲಿ ಗುರುತಿನ ಚೀಟಿಯನ್ನು ನೋಡಿ ಒಳಕ್ಕೆ ಬಿಡುವ ಕಾವಲಿನವನು ಅವರ ನಂಟರಲ್ಲೇ ಒಬ್ಬನಾಗಿರಲೂಬಹುದು. ಸಂಜೆಗೆ ಬಾಗಿಲು ಮುಚ್ಚುವ ಮುಂಚೆ ಎಲ್ಲರೂ ಹೊರಬರಬೇಕು.