ತಾಳುವುದು ಮತ್ತು ಕಾಯುವುದು

ನಮ್ಮ ಮಾತಿನಲ್ಲಿ ಬೆನ್ನಿಗೆ ದೊಡ್ಡ ಮರ್ಯಾದೆ ಇದೆ. ಕಷ್ಟಕಾಲದಲ್ಲಿ ಒದಗಿದವರನ್ನು ಬೆನ್ನಿಗೆ ನಿಂತರು ಎಂದು ನೆನೆಯುತ್ತೇವೆ. ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ ಮಗುವಿನ ಬೆನ್ನು ತಟ್ಟುತ್ತೇವೆ. ದೊಡ್ಡ ಕೆಲಸಕ್ಕೆ ಇಳಿಯುವವರು ಟೊಂಕ ಕಟ್ಟಿ ನಿಲ್ಲುತ್ತಾರೆ. ರೈತನನ್ನು ದೇಶದ ಬೆನ್ನೆಲುಬು ಎನ್ನುತ್ತೇವೆ. ಆದರೆ ಮನೆಯ ಹೆಂಗಸು ಬೆಳಿಗ್ಗೆ ಎದ್ದು, "ಯಾಕೋ ಸೊಂಟ ಹಿಡಿದುಕೊಂಡಿದೆ" ಎಂದರೆ ಬರುವ ಉತ್ತರ ಒಂದೇ: "ಸೊಂಟನೋವು ಯಾರಿಗಿಲ್ಲ?"

ಮಾತೇನೋ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಸೊಂಟನೋವಿತ್ತು. ಅವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಆದರೆ ಎಲ್ಲರಿಗೂ ಇದೆ ಎಂದ ಮಾತ್ರಕ್ಕೆ ನೋವು ಸಣ್ಣದಾಗುತ್ತದೆಯೇ? ಜ್ವರಕ್ಕೆ ಥರ್ಮಾಮೀಟರು ಸಾಕ್ಷಿ ಹೇಳುತ್ತದೆ, ಮುರಿದ ಕೈಗೆ ಪ್ಲಾಸ್ಟರು ಸಾಕ್ಷಿ ಹೇಳುತ್ತದೆ. ಬೆನ್ನು, ಕುತ್ತಿಗೆಗಳ ನೋವಿಗೆ ನೋಯುತ್ತಿರುವವಳ ಮಾತಲ್ಲದೆ ಬೇರೆ ಸಾಕ್ಷಿ ಬಹುಮಟ್ಟಿಗೆ ಇರುವುದಿಲ್ಲ. ಆ ಮಾತನ್ನು ನಂಬುವವರು ಯಾರು, ಯಾವಾಗ ನಂಬುತ್ತಾರೆ ಎನ್ನುವುದರ ಮೇಲೆ ಅವಳಿಗೆ ಸಿಗುವ ಚಿಕಿತ್ಸೆಯೂ ನಿಂತಿರುತ್ತದೆ ಎಂದು ನನಗೆ ಅನ್ನಿಸುತ್ತದೆ.

ಚಿಕಿತ್ಸೆಗೆ ಇರುವ ದಾರಿಗಳು ಸ್ಥೂಲವಾಗಿ ಮೂರು: ಕತ್ತಿ, ಕೈ ಮತ್ತು ಕಾಲ. ಆಪರೇಷನ್ ಮಾಡಿಸುವುದು ಒಂದು. ನೀವಿ, ಒತ್ತಿ, ಎಳೆದು ಸರಿಪಡಿಸಿಕೊಳ್ಳುವುದು ಇನ್ನೊಂದು. ವ್ಯಾಯಾಮ ಮಾಡುತ್ತ, ಬೇಕಾದಾಗ ಒಂದು ಮಾತ್ರೆ ನುಂಗುತ್ತ, ದೇಹಕ್ಕೆ ಸಮಯ ಕೊಡುವುದು ಮೂರನೆಯದು. ಯಾವುದು ಮೇಲು ಎಂದು ಕೇಳಿದರೆ ನಮ್ಮ ಕೇರಿಯಲ್ಲಿ ಹತ್ತು ಜನ ಹತ್ತು ಉತ್ತರ ಹೇಳುತ್ತಾರೆ.

ಕೈಯ ದಾರಿ ನಮಗೆ ಹೊಸದಲ್ಲ. ಕಾಲು ಮುಂದಾಗಿ ಹುಟ್ಟಿದವರು ಮೆಲ್ಲಗೆ ಒದ್ದರೆ ಸೊಂಟದ ಉಳುಕು ಬಿಡುತ್ತದೆ ಎಂದು ಅಂಥವರನ್ನು ಹುಡುಕಿಕೊಂಡು ಹೋಗುತ್ತಿದ್ದ ಕಾಲವಿತ್ತು. ಬಾಣಂತಿಯ ಸೊಂಟಕ್ಕೆ ಎಣ್ಣೆ ತಿಕ್ಕಿ ಸುಡುಸುಡು ನೀರು ಹಾಕುವ ಕೈ, ಕ್ಷೌರ ಮುಗಿಸಿ ಕುತ್ತಿಗೆಯ ನೆಟಿಗೆ ತೆಗೆಯುವ ಕೈ, ನಾಟಿ ವೈದ್ಯರ ಕೈ, ಎಲ್ಲವೂ ಇದ್ದವು. ಅಮೆರಿಕದ ಡಾವೆನ್‌ಪೋರ್ಟ್ ಎಂಬ ಊರಿನಲ್ಲಿ 1895ರಲ್ಲಿ ಡಿ. ಡಿ. ಪಾಮರ್ ಎಂಬಾತ ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಸರಿಪಡಿಸುವ ಪದ್ಧತಿಗೆ ಕೈರೋಪ್ರಾಕ್ಟಿಕ್ ಎಂದು ಹೆಸರಿಟ್ಟು ಶಾಸ್ತ್ರವನ್ನಾಗಿ ಮಾಡಿದ. ಈ ಕೈಗಳಿಂದ ಎಷ್ಟು ಗುಣವಾಗುತ್ತದೆ? ಸಿಯಾಟಲ್ ನಗರದಲ್ಲಿ ಸೊಂಟನೋವಿನ 321 ಜನರನ್ನು ಮೂರು ಗುಂಪು ಮಾಡಿ ನೋಡಿದರು. ಕೆಲವರಿಗೆ ಕೈರೋಪ್ರಾಕ್ಟಿಕ್, ಕೆಲವರಿಗೆ ಫಿಸಿಯೋಥೆರಪಿ, ಉಳಿದವರ ಕೈಗೆ ತಿಳಿವಳಿಕೆಯ ಒಂದು ಸಣ್ಣ ಪುಸ್ತಕ. 1998ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೊದಲೆರಡು ಗುಂಪಿನವರು ಪುಸ್ತಕದವರಿಗಿಂತ ಮುಂದಿದ್ದದ್ದು ಕೂದಲೆಳೆಯಷ್ಟು ಮಾತ್ರ. ಕುತ್ತಿಗೆಯ ವಿಷಯದಲ್ಲಿಯೂ ಹೆಚ್ಚುಕಡಿಮೆ ಇದೇ ಕಥೆ. 2012ರಲ್ಲಿ ಪ್ರಕಟವಾದ 272 ಜನರ ಅಧ್ಯಯನದಲ್ಲಿ, ಒಂದೊಂದು ಗಂಟೆಯ ಎರಡು ಪಾಠದಲ್ಲಿ ಕಲಿತು ಮನೆಯಲ್ಲೇ ವ್ಯಾಯಾಮ ಮಾಡಿದವರೂ ಕೈಚಿಕಿತ್ಸೆ ಪಡೆದವರೂ ಬಹುತೇಕ ಸಮಸಮವಾಗಿ ಸುಧಾರಿಸಿದರು. ಬರೀ ಮಾತ್ರೆ ನುಂಗಿದವರು ಹಿಂದೆ ಬಿದ್ದರು. ಕುತ್ತಿಗೆಯನ್ನು ಜೋರಾಗಿ ತಿರುಚಿದಾಗ ಮಿದುಳಿಗೆ ಹೋಗುವ ರಕ್ತನಾಳ ಸೀಳುವ ಅಪಾಯ ಅಪರೂಪಕ್ಕಾದರೂ ಉಂಟು. ನೆಟಿಗೆ ತೆಗೆಸಿಕೊಳ್ಳುವವರು ಅದನ್ನು ಮರೆಯಬಾರದು.

ಕತ್ತಿಯ ದಾರಿ ಇತ್ತೀಚಿನದು. ಬೆನ್ನುಮೂಳೆಯ ನಡುವಿನ ಡಿಸ್ಕ್ ಉಬ್ಬಿ ಅಥವಾ ಸೀಳಿ ನರವನ್ನು ಒತ್ತುವುದರಿಂದ ಸೊಂಟದಿಂದ ಕಾಲಿನವರೆಗೆ ನೋವು ಸೆಳೆಯುತ್ತದೆ ಎಂದು ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು ತೋರಿಸಿಕೊಟ್ಟದ್ದು 1934ರಲ್ಲಿ. ಕೆಲವು ಸಂದರ್ಭಗಳಲ್ಲಿ ಆಪರೇಷನ್ ಬಿಟ್ಟರೆ ಬೇರೆ ದಾರಿ ಇಲ್ಲ. ಮೂತ್ರದ ಹಿಡಿತ ತಪ್ಪಿದರೆ ಅಥವಾ ಮೂತ್ರ ಕಟ್ಟಿಕೊಂಡರೆ, ಕೂರುವ ಜಾಗ ಮರಗಟ್ಟಿದರೆ, ಕಾಲಿನ ಬಲ ಕುಂದುತ್ತ ಹೋದರೆ, ಕುತ್ತಿಗೆನೋವಿನ ಜೊತೆಗೆ ಕೈ ಸ್ವಾಧೀನ ತಪ್ಪಿ ನಡಿಗೆ ತಡವರಿಸಿದರೆ, ಅಂದೇ ಆಸ್ಪತ್ರೆಗೆ ಓಡಬೇಕು. ಅಲ್ಲಿ ಎಣ್ಣೆಗೂ ಕಷಾಯಕ್ಕೂ ಕೆಲಸವಿಲ್ಲ. ಆದರೆ ಹೆಚ್ಚಿನವರ ನೋವು ಆ ಬಗೆಯದಲ್ಲ. ನಾರ್ವೆಯಲ್ಲಿ ವೆಬರ್ ಎಂಬ ವೈದ್ಯರು ಕಾಲುಸೆಳೆತದ 126 ಜನರಲ್ಲಿ ಕೆಲವರಿಗೆ ಆಪರೇಷನ್ ಮಾಡಿಸಿ, ಕೆಲವರಿಗೆ ಮಾಡಿಸದೆ ಹತ್ತು ವರ್ಷ ಗಮನಿಸಿ 1983ರಲ್ಲಿ ಬರೆದರು. ಮೊದಲ ವರ್ಷ ಆಪರೇಷನ್ ಆದವರು ಮುಂದಿದ್ದರು. ನಾಲ್ಕು ವರ್ಷವಾಗುವಾಗ ಎಣಿಸಿ ಹೇಳುವಂಥ ಅಂತರ ಉಳಿದಿರಲಿಲ್ಲ. 2007ರ ಡಚ್ ಅಧ್ಯಯನದಲ್ಲಿ 283 ಜನರಿದ್ದರು. ಬೇಗ ಆಪರೇಷನ್ ಆದವರು ಸರಿಸುಮಾರು 4 ವಾರದಲ್ಲಿ ಚೇತರಿಸಿಕೊಂಡರೆ, ಕಾದವರಿಗೆ 12 ವಾರ ಬೇಕಾಯಿತು. ಕಾದವರಲ್ಲಿ ಶೇಕಡ 39 ಜನ ಕೊನೆಗೆ ಆಪರೇಷನ್ ಮಾಡಿಸಿಕೊಂಡರು. ವರ್ಷ ಮುಗಿಯುವಷ್ಟರಲ್ಲಿ ಎರಡೂ ಗುಂಪುಗಳಲ್ಲಿ ಶೇಕಡ 95ರಷ್ಟು ಜನ ಗುಣವಾಗಿದ್ದರು.

ಅಂದರೆ ಕತ್ತಿ ಕೊಡುವುದು ಬಹುಪಾಲು ವೇಗವನ್ನು. ಕೊನೆಗೆ ತಲುಪುವ ಊರು ಒಂದೇ. ಆದರೂ ಆ ಎಂಟು ವಾರಗಳ ವ್ಯತ್ಯಾಸ ಸಣ್ಣದೆಂದು ನೋಯದೆ ಕುಳಿತವರು ತೀರ್ಪು ಕೊಡಬಾರದು. ರಾತ್ರಿ ಮಗ್ಗುಲು ಬದಲಿಸಲಾಗದೆ ಅತ್ತವಳು ಬೇಗ ಬಿಡುಗಡೆ ಬೇಕು ಎಂದರೆ ಅದು ಹೇಡಿತನವಲ್ಲ.

ಸ್ಕ್ಯಾನಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಬೆನ್ನುನೋವೇ ಇಲ್ಲದ 98 ಜನರಿಗೆ ಎಂ.ಆರ್.ಐ. ಮಾಡಿ ನೋಡಿದ್ದು 1994ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಡಿಸ್ಕ್ ಒಂದಲ್ಲ ಒಂದು ಕಡೆ ಉಬ್ಬಿತ್ತು! ತಲೆಗೂದಲು ನೆರೆಯುವ ಹಾಗೆ ಡಿಸ್ಕೂ ವಯಸ್ಸಿನೊಂದಿಗೆ ಸವೆಯುತ್ತದೆ. ಹಾಗಾಗಿ ಫಿಲಂನಲ್ಲಿ ಕಂಡದ್ದೆಲ್ಲ ನೋವಿನ ಕಾರಣವಲ್ಲ. ಫಿಲಂನಲ್ಲಿ ಏನೂ ಕಾಣಲಿಲ್ಲ ಎಂದರೆ ನೋವು ಸುಳ್ಳು ಎಂದೂ ಅಲ್ಲ.

ಇನ್ನು ಕಾಲದ ದಾರಿ. ಹಿಂದೆ ಬೆನ್ನುನೋವೆಂದರೆ ಹಲಗೆಯ ಮೇಲೆ ವಾರಗಟ್ಟಲೆ ಅಲುಗಾಡದೆ ಮಲಗಿಸುತ್ತಿದ್ದರು. ಹೆಲ್ಸಿಂಕಿ ನಗರಸಭೆಯ 186 ನೌಕರರ ಮೇಲೆ ನಡೆದ 1995ರ ಅಧ್ಯಯನ ಅದನ್ನು ಅಲುಗಾಡಿಸಿತು. ಹಾಸಿಗೆ ಹಿಡಿದವರಿಗಿಂತ, ನೋವು ಬಿಟ್ಟಷ್ಟು ಮಟ್ಟಿಗೆ ಎಂದಿನಂತೆ ಓಡಾಡಿಕೊಂಡಿದ್ದವರೇ ಬೇಗ ಸುಧಾರಿಸಿದರು. ಬಹುಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಸಲಹೆಯೂ ವ್ಯಾಯಾಮ, ತಿಳಿವಳಿಕೆ, ನೀವುವಿಕೆ, ಮನಸ್ಸಿಗೆ ಧೈರ್ಯ ತುಂಬುವ ಚಿಕಿತ್ಸೆ ಇವುಗಳ ಪರವಾಗಿದೆ. ನಮ್ಮೂರುಗಳಲ್ಲಿ ಧಾರಾಳವಾಗಿ ಬರೆದುಕೊಡುವ ಸೊಂಟದ ಬೆಲ್ಟನ್ನೂ ಟ್ರ್ಯಾಕ್ಷನ್ನನ್ನೂ ಅದು ವಾಡಿಕೆಯ ಚಿಕಿತ್ಸೆಯಾಗಿ ಒಪ್ಪುವುದಿಲ್ಲ.

ವಿಜ್ಞಾನದ ಮಟ್ಟಿಗೆ ಉತ್ತರ ಇಷ್ಟು ಸರಳ: ಅಪಾಯದ ಚಿಹ್ನೆ ಇಲ್ಲದಿದ್ದರೆ ಮೊದಲು ಕಾಯಿರಿ, ಮೈ ಆಡಿಸಿ, ಹಿತವೆನಿಸಿದರೆ ನೀವಿಸಿಕೊಳ್ಳಿ, ಕತ್ತಿ ಕೊನೆಗಿರಲಿ. ತೊಡಕು ಶುರುವಾಗುವುದು ಈ ಉತ್ತರ ಮನೆಯ ಹೊಸಿಲು ದಾಟಿ ಒಳಗೆ ಬಂದಾಗ.

ನನ್ನ ದೊಡ್ಡಮ್ಮನ ಮಗಳು ಮನೆಯಲ್ಲೇ ಮಷೀನು ಇಟ್ಟುಕೊಂಡು ರವಿಕೆ ಹೊಲಿಯುತ್ತಾಳೆ. ಕಾಲುಸೆಳೆತ ಬಂದಾಗ ಡಾಕ್ಟರು ಆಪರೇಷನ್ ಬೇಡ, ಆರು ವಾರ ನೋಡೋಣ ಎಂದು ವ್ಯಾಯಾಮ ಹೇಳಿಕೊಟ್ಟರು. ಒಳ್ಳೆಯ ಸಲಹೆಯೇ. ಮನೆಯವರಿಗೆ ಕೇಳಿಸಿದ್ದು ಮಾತ್ರ ಬೇರೆ: "ಏನೂ ಇಲ್ಲವಂತೆ, ಆಪರೇಷನ್ನೂ ಬೇಡವಂತೆ." ಮಾರನೆಯ ದಿನದಿಂದ ಎಂದಿನಂತೆ ನೀರಿನ ಕೊಡ, ಗ್ಯಾಸ್ ಸಿಲಿಂಡರು, ಅಟ್ಟದ ಮೇಲಿನ ಪಾತ್ರೆ. ಎದುರು ಮನೆಯಾಕೆಗೆ ಅದೇ ತಿಂಗಳು ಆಪರೇಷನ್ ಆಗಿತ್ತು. ಅವರ ತಾಯಿ ಬಂದು ಎರಡು ತಿಂಗಳು ನಿಂತರು, ಅಡುಗೆಗೆ ಒಬ್ಬರನ್ನು ಗೊತ್ತುಮಾಡಿದರು, ಗಂಡ ಕಾಫಿ ಮಾಡಲು ಕಲಿತರು. ಅಕ್ಕ ಒಂದು ದಿನ ನನಗೆ ಹೇಳಿದಳು: "ನನಗೂ ಒಂದು ಆಪರೇಷನ್ ಅಂತ ಬರೆದುಬಿಟ್ಟಿದ್ದರೆ ಚೆನ್ನಾಗಿತ್ತು ಕಣೇ. ಹೊಲಿಗೆ ಬಿದ್ದ ಬೆನ್ನಿಗೆ ಮಾತ್ರ ರಜ."

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ರೋಗಕ್ಕಲ್ಲದೆ ವಿಶ್ರಾಂತಿಗಾಗಿ ಮೈ ಕೊಯ್ಸಿಕೊಳ್ಳಲು ಹಂಬಲಿಸುವುದು ತಪ್ಪಲ್ಲವೇ? ತಪ್ಪಿದ್ದರೆ ಅದು ಯಾರದು? ಹೊಲಿಗೆಯ ಗುರುತಿಲ್ಲದೆ ಅವಳ ಮಾತನ್ನು ನಂಬದ ಮನೆಯದೇ? ವಿಮೆಯ ಲೆಕ್ಕವೂ ಹಾಗೆಯೇ ಇದೆ. ಆಸ್ಪತ್ರೆಗೆ ಸೇರಿ ಆಪರೇಷನ್ ಆದರೆ ಹಣ ಕೊಡುವ ಎಷ್ಟೋ ಪಾಲಿಸಿಗಳು ಫಿಸಿಯೋಥೆರಪಿಗೆ ಹೋಗಿಬಂದ ಖರ್ಚನ್ನು ಕೊಡುವುದಿಲ್ಲ. ಮನೆಯೂ ವಿಮೆಯೂ ಒಂದೇ ಪಾಠ ಹೇಳುತ್ತವೆ: ಕತ್ತಿ ಬಿದ್ದರೆ ನಂಬುತ್ತೇವೆ.

ಕೆಲವರು ಹೇಳಬಹುದು: "ಡಾಕ್ಟರೇ ಓಡಾಡಿಕೊಂಡಿರು ಅಂದಿದ್ದಾರಲ್ಲ, ಮನೆಗೆಲಸವೇ ವ್ಯಾಯಾಮ." ಇದು ಅರ್ಧ ಸತ್ಯ, ಅರ್ಧ ಸತ್ಯಕ್ಕೆ ಸುಳ್ಳಿಗಿಂತ ಹೆಚ್ಚು ಬಲ. ವ್ಯಾಯಾಮವನ್ನು ನೋವು ಹೆಚ್ಚಾದಾಗ ನಿಲ್ಲಿಸಬಹುದು. ಒಲೆಯ ಮೇಲಿನ ಹಾಲನ್ನು, ಸ್ಕೂಲಿನ ಬಸ್ಸು ಬರುವ ಹೊತ್ತನ್ನು, ನೆಂಟರನ್ನು ನಿಲ್ಲಿಸಲಾಗುವುದಿಲ್ಲ. ಯಾವಾಗ ನಿಲ್ಲಬೇಕು ಎನ್ನುವುದು ಅವಳ ಕೈಯಲ್ಲಿದ್ದರೆ ಅದು ಚಿಕಿತ್ಸೆ; ಇಲ್ಲದಿದ್ದರೆ ಅದೇ ಹಳೆಯ ದುಡಿಮೆ.

ತಾಳಿದವನು ಬಾಳಿಯಾನು ಎಂಬ ಗಾದೆ ನಮ್ಮಲ್ಲಿದೆ. ಗಾದೆಯಲ್ಲಿರುವವನು ಗಂಡಸು, ತಾಳುತ್ತ ಬಂದವಳು ಹೆಂಗಸು. ನಮ್ಮ ಅತ್ತೆಯಂದಿರು ತಾಳಿದರು. ಅವರ ಬಾಗಿದ ಬೆನ್ನುಗಳನ್ನು ನಾವು ದಿನವೂ ನೋಡುತ್ತೇವೆ. "ನಾವೆಲ್ಲ ಮಾಡಲಿಲ್ಲವೇ?" ಎಂದು ಅವರು ಕೇಳುವುದು ಗರ್ವದಿಂದಲ್ಲ; ತಾವು ಪಟ್ಟದ್ದಕ್ಕೆ ಏನಾದರೂ ಅರ್ಥವಿರಬೇಕು ಎಂಬ ಆಸೆಯಿಂದ ಎಂದು ನನಗೆ ತೋರುತ್ತದೆ. ಅವರ ತಾಳ್ಮೆಗೆ ಕೈಮುಗಿಯೋಣ. ಆದರೆ ಅದನ್ನು ಚಿಕಿತ್ಸೆ ಎಂದು ಕರೆಯುವುದು ಬೇಡ.

ಏಕೆಂದರೆ ತಾಳುವುದು ಬೇರೆ, ಕಾಯುವುದು ಬೇರೆ. ತಾಳುವುದಕ್ಕೆ ತಾರೀಖಿಲ್ಲ. ಕಾಯುವುದಕ್ಕೆ ಆರು ವಾರ ಎಂಬ ಗಡುವಿದೆ. ಗಡುವು ಮುಗಿದಾಗ ಮತ್ತೆ ತೋರಿಸುವುದಿದೆ, ಗುಣವಾಗದಿದ್ದರೆ ಮುಂದಿನ ದಾರಿಯಿದೆ. ತಾಳುವವಳು ಒಬ್ಬಂಟಿ. ಕಾಯುವವಳ ಜೊತೆಗೆ ಡಾಕ್ಟರೂ ಮನೆಯವರೂ ಕಾಯುತ್ತಿರಬೇಕು. ಬೇರೆಯವರು ತಮ್ಮ ಹೊತ್ತನ್ನು ಕೊಡದಿದ್ದರೆ ಕಾಲದ ಚಿಕಿತ್ಸೆ ಎಂಬುದು ಬರಿಯ ಮಾತು. ಕತ್ತಿಗೆ ಹಣ ಬೇಕು, ಕೈಗೆ ಪಳಗಿದ ವಿದ್ಯೆ ಬೇಕು, ಕಾಲಕ್ಕೆ ನ್ಯಾಯ ಬೇಕು. ಮೂರರಲ್ಲಿ ಕಡಿಮೆ ಖರ್ಚಿನದೆಂದು ಕಾಣುವ ಈ ಮೂರನೆಯದೇ ಎಷ್ಟೋ ಮನೆಗಳಲ್ಲಿ ದುರ್ಲಭವಾಗಿರುವುದು.

ಈ ನ್ಯಾಯದ ಮಾತು ನಮಗೂ ತಿರುಗಿ ಬರುತ್ತದೆ. ನಮ್ಮ ಮನೆಗಳಿಗೆ ಬಂದು ಬಗ್ಗಿ ನೆಲ ಒರೆಸುವವಳಿಗೂ ಒಂದು ಬೆನ್ನಿದೆ. ಆರು ವಾರ ಕಾಯುವುದೆಂದರೆ ಅವಳಿಗೆ ನಾಲ್ಕು ಮನೆಯ ಸಂಬಳ ಬಿಡುವುದು. ಗುಣವಾಗಿ ಬರುವಷ್ಟರಲ್ಲಿ ಆ ಜಾಗಕ್ಕೆ ಬೇರೊಬ್ಬಳು ಬಂದಿರುತ್ತಾಳೆ. ಗಂಡನಿಂದ ನಂಬಿಕೆ ಕೇಳುವ ನಾವು ಅವಳ "ಸೊಂಟ ಹಿಡಿದಿದೆ ಅಮ್ಮಾ" ಎಂಬ ಮಾತಿಗೆ ಏನು ಉತ್ತರ ಕೊಡುತ್ತೇವೆ? ಉದ್ದ ಹಿಡಿಯ ಒಂದು ಮಾಪು, ಸಂಬಳ ಕತ್ತರಿಸದ ಒಂದು ವಾರ, ಇವು ನಮ್ಮ ಕೈಯಲ್ಲೇ ಇರುವ ಚಿಕಿತ್ಸೆಗಳು.

ಮುಂದೆ ಯಾವ ದಾರಿ ಎಂಬ ತೀರ್ಮಾನ ನೋಯುತ್ತಿರುವವಳದೇ ಆಗಿರಬೇಕು. ಆಪರೇಷನ್ ಆದರೆ ಏನು ಸಿಗುತ್ತದೆ, ಆಗದಿದ್ದರೆ ಏನಾಗುತ್ತದೆ, ಎಷ್ಟು ದಿನ ಕಾಯಬಹುದು ಎಂದು ಡಾಕ್ಟರನ್ನು ಕೇಳುವಾಗ ಅವಳು ಒಳಗೆ ಇರಬೇಕು. ಗಂಡನೋ ಮಗನೋ ಒಳಗೆ ಮಾತಾಡಿ ಬಂದು ಬೆಂಚಿನ ಮೇಲೆ ಕುಳಿತವಳಿಗೆ ತಿಳಿಸುವುದಲ್ಲ. ಕಾಯುವುದೆಂದು ತೀರ್ಮಾನವಾದರೆ ಅಂದು ರಾತ್ರಿ ಊಟಕ್ಕೆ ಕುಳಿತಾಗಲೇ ಲೆಕ್ಕ ಹಾಕಬೇಕು: ಈ ಆರು ವಾರ ನೀರು ಎತ್ತುವವರು ಯಾರು, ಸಿಲಿಂಡರು ಸರಿಸುವವರು ಯಾರು, ಬೆಳಿಗ್ಗೆ ಅವಳು ಇಪ್ಪತ್ತು ನಿಮಿಷ ವ್ಯಾಯಾಮ ಮಾಡುವಾಗ ಹಾಲು ಕಾಯಿಸುವವರು ಯಾರು? ಹೆಸರು ಹೆಸರಾಗಿ ಹೇಳಿಕೊಂಡರೆ ಮಾತ್ರ ಡಾಕ್ಟರ ಚೀಟಿ ಪೂರ್ತಿಯಾಗುತ್ತದೆ.