ಉದುರಿದ ಕಾಳು ನಷ್ಟವೇ?

ತಟ್ಟೆಯ ಸುತ್ತ ಚೆಲ್ಲಿದ ಅಗುಳನ್ನು ಹೆಕ್ಕಿ ತಿನ್ನಬೇಕೆಂದು ಹಿರಿಯರು ಹೇಳಿಕೊಟ್ಟದ್ದು ನಮ್ಮಲ್ಲಿ ಬಹುಮಂದಿಗೆ ನೆನಪಿದೆ. ಒಂದು ಕಾಳೂ ವ್ಯರ್ಥವಾಗಬಾರದು ಎಂಬುದು ಒಳ್ಳೆಯ ಪಾಠ. ಆದರೆ ಕೊಯ್ಲಿನ ವೇಳೆ ಕಾಳು ಉದುರಿದರೆ ದುಃಖಪಡದ ಜನರೂ ಇದ್ದಾರೆ ಎಂದರೆ ನಂಬುವಿರಾ?

ಅಮೆರಿಕದ ಉತ್ತರ ಭಾಗದ ಮಿನ್ನೆಸೋಟ, ವಿಸ್ಕಾನ್ಸಿನ್ ರಾಜ್ಯಗಳ ಆಳವಿಲ್ಲದ ಸರೋವರಗಳಲ್ಲಿ 'ವೈಲ್ಡ್ ರೈಸ್', ಅಂದರೆ ಕಾಡು ಅಕ್ಕಿ, ಎಂಬ ಉದ್ದನೆಯ ಕಾಳು ತಾನಾಗಿ ಬೆಳೆಯುತ್ತದೆ. ಹೆಸರು ಅಕ್ಕಿಯಾದರೂ ಇದು ನಮ್ಮ ಭತ್ತವಲ್ಲ; ನೀರಿನಲ್ಲಿ ಬೆಳೆಯುವ ಬೇರೊಂದು ಹುಲ್ಲಿನ ಬೀಜ. ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರು ಇದನ್ನು 'ಮನೂಮಿನ್' ಎನ್ನುತ್ತಾರೆ. 1837ರ ಒಪ್ಪಂದದಲ್ಲಿ ವಿಶಾಲವಾದ ಭೂಮಿಯನ್ನು ಬಿಟ್ಟುಕೊಟ್ಟಾಗಲೂ, ಬೇಟೆ ಮತ್ತು ಮೀನುಗಾರಿಕೆಯ ಜೊತೆಗೆ ಈ ಕಾಳನ್ನು ಸಂಗ್ರಹಿಸುವ ಹಕ್ಕನ್ನು ಅವರು ಉಳಿಸಿಕೊಂಡರು. ಆ ಹಕ್ಕು ಅಳಿದಿಲ್ಲವೆಂದು 1999ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪಿತ್ತಿತು.

ಆಗಸ್ಟ್ ಕೊನೆಯಲ್ಲಿ ಕೊಯ್ಲು ಆರಂಭ. ಕಿರುದೋಣಿಯಲ್ಲಿ ಇಬ್ಬರು. ಒಬ್ಬರು ಉದ್ದನೆಯ ಗಳದಿಂದ ದೋಣಿಯನ್ನು ನೂಕುತ್ತಾರೆ. ಇನ್ನೊಬ್ಬರು ಒಂದು ಕೋಲಿನಿಂದ ತೆನೆಯನ್ನು ದೋಣಿಯೊಳಕ್ಕೆ ಬಾಗಿಸಿ, ಮತ್ತೊಂದರಿಂದ ಮೆಲ್ಲನೆ ತಟ್ಟುತ್ತಾರೆ. ಮಾಗಿದ ಕಾಳು ದೋಣಿಗೆ ಬೀಳುತ್ತದೆ, ಕೆಲವು ನೀರಿಗೆ ಬೀಳುತ್ತವೆ. ನೀರಿಗೆ ಬಿದ್ದದ್ದೇ ಮುಂದಿನ ವರ್ಷದ ಬಿತ್ತನೆ. ಹಸಿಕಾಳು ಗಿಡದಲ್ಲೇ ಉಳಿಯುವುದರಿಂದ ಕೆಲವು ದಿನ ಬಿಟ್ಟು ಮತ್ತೆ ಬರಬೇಕು. ಮಿನ್ನೆಸೋಟದ ಕಾನೂನು ಕೂಡ ದೋಣಿಯ ಅಗಲ 36 ಅಂಗುಲ, ಕೋಲಿನ ಉದ್ದ 30 ಅಂಗುಲ ಮೀರಬಾರದೆಂದು ಮಿತಿ ಹಾಕಿದೆ.

ಆದರೆ 1950ರ ನಂತರ ಇನ್ನೊಂದು ದಾರಿ ತೆರೆಯಿತು. ರೈತರು ಇದೇ ಕಾಳನ್ನು ಗದ್ದೆಗಳಲ್ಲಿ ಬೆಳೆಯತೊಡಗಿದರು. ಕಾಳು ಸುಲಭವಾಗಿ ಉದುರದ ತಳಿಗಳನ್ನು ವಿಜ್ಞಾನಿಗಳು ಆರಿಸಿ ಬೆಳೆಸಿದರು. ಈಗ ಯಂತ್ರ ಒಂದೇ ಸಲಕ್ಕೆ ಗದ್ದೆಯನ್ನೆಲ್ಲ ಕೊಯ್ಯಬಹುದು. ಬೆಳೆ ದೂರದ ಕ್ಯಾಲಿಫೋರ್ನಿಯಕ್ಕೂ ಹೋಯಿತು. 1980ರ ದಶಕದಲ್ಲಿ ಬೆಲೆ ಕುಸಿಯಿತು. ದಿನವಿಡೀ ದೋಣಿಯಲ್ಲಿ ದುಡಿದ ಕುಟುಂಬಕ್ಕೆ ಅದರ ಪೆಟ್ಟು ತಗಲಿತು.

ಹಾಗೆಂದು ಗದ್ದೆಯ ರೈತನನ್ನು ದೂಷಿಸೋಣವೇ? ಅವನಿಗೂ ಸಾಕಬೇಕಾದ ಮಕ್ಕಳಿದ್ದಾರೆ. ಅವನ ದುಡಿಮೆಯಿಂದಲೇ ಈ ಕಾಳು ಹೆಚ್ಚು ಮನೆಗಳ ಅಡುಗೆಗೆ ಸೇರಿತು. ಅವನ ದುಡಿಮೆ ಪಾಪವಲ್ಲ. ಆದರೆ ಗದ್ದೆಯ ಕಾಳಿಗೆ ಸರೋವರದ ದೋಣಿಯ ಚಿತ್ರ ಅಂಟಿಸಿ ಮಾರಿದರೆ ಅದು ಸುಳ್ಳು; ಮತ್ತೊಬ್ಬರ ಬೆವರಿನ ಹೆಸರನ್ನು ಕದ್ದಂತೆ. ಗದ್ದೆಯಲ್ಲಿ ಬೆಳೆದದ್ದನ್ನು ಹಾಗೆಂದೇ ಚೀಟಿಯಲ್ಲಿ ನಮೂದಿಸಬೇಕೆಂದು ಮಿನ್ನೆಸೋಟ ಕಾನೂನು ಮಾಡಿದ್ದು ಇದಕ್ಕಾಗಿಯೇ.

ಇದಕ್ಕಿಂತ ಆಳವಾದ ಪ್ರಶ್ನೆ ಒಂದಿದೆ. ಕೈಗೆಟಕುವುದೆಲ್ಲ ನಮ್ಮದೇ? ಹೊಟ್ಟೆ ತುಂಬಿದವನಿಗೆ ಮಿತಿಯ ಮಾತು ಸುಲಭ ಎಂದು ಯಾರಾದರೂ ಹೇಳಬಹುದು. ಆದರೆ ಈ ಮಿತಿಯನ್ನು ತಲೆಮಾರುಗಳಿಂದ ಪಾಲಿಸಿದವರು ಶ್ರೀಮಂತರಲ್ಲ. ದೀರ್ಘ ಚಳಿಗಾಲಕ್ಕೆ ಇದೇ ಕಾಳನ್ನು ಕೂಡಿಟ್ಟುಕೊಂಡವರು. ಹಸಿವನ್ನು ಬಲ್ಲವರೇ ನಾಳಿನ ಹಸಿವನ್ನೂ ನೆನೆದರು. ಕೊಯ್ಲಿಗೆ ಮುನ್ನ ಅವರು ಚಿಟಿಕೆ ಹೊಗೆಸೊಪ್ಪನ್ನು ನೀರಿಗೆ ಅರ್ಪಿಸಿ ಕೃತಜ್ಞತೆ ಸಲ್ಲಿಸುತ್ತಾರೆ. ಕೊಟ್ಟವನನ್ನು ನೆನೆದು ಕೈಚಾಚುವವನು ಎಲ್ಲವನ್ನೂ ಬಾಚಿಕೊಳ್ಳಲಾರ.

ತಂದೆತಾಯಂದಿರೇ, ತಟ್ಟೆಯಿಂದ ಬಿದ್ದ ಅಗುಳನ್ನು ಹೆಕ್ಕಲು ಮಕ್ಕಳಿಗೆ ಕಲಿಸೋಣ. ಅದು ದುಡಿದವರಿಗೆ ತೋರುವ ಗೌರವ. ನೀರಿಗೆ ಬಿದ್ದ ಕಾಳನ್ನು ಅಲ್ಲೇ ಬಿಡಲೂ ಕಲಿಸೋಣ. ಅದು ಇನ್ನೂ ಹುಟ್ಟದವರ ಪಾಲು. ಎರಡನ್ನೂ ಕಲಿಸುವ ಮುನ್ನ ನಮ್ಮನ್ನು ನಾವೇ ಕೇಳಿಕೊಳ್ಳೋಣ: ಸಂತೆಯಲ್ಲಿ ಅಗ್ಗವೆಂದು ಹಿಗ್ಗಿ ತಂದದ್ದರಲ್ಲಿ ಯಾರ ಪಾಲು ಕಡಿಮೆಯಾಯಿತು?